ವಿಷ ಹಾಕಿದರೆ ಬಸವನಹುಳು ಜಾಸ್ತಿಯಾಗುವುದು ಹೇಗೆ?

2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಡೆದ ಸಭೆಯಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಜಗತ್ತಿನಿಂದಲೇ ಹಂತಹಂತವಾಗಿ ತೆಗೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿ ಅದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಈ ಹೆಸರೇನೂ ಹೊಸದಲ್ಲ. ಅಡಿಕೆಗೆ ಬೇರುಹುಳು ಬಿದ್ದರೆ ಬುಡಕ್ಕೆ ಹುಯ್ಯುವ ಔಷಧಿಗಳಲ್ಲಿ ಇದೂ ಒಂದು, ಗೆದ್ದಲು ಬಾರದಿರಲಿ ಅಂತ ಮನೆ ಪಾಯಕ್ಕೆ ಹಾಕುವುದೂ ಇದನ್ನೇ. ಹಾಗಾಗಿ ಎಲ್ಲರ ಮೊದಲ ಪ್ರಶ್ನೆ, ಇನ್ನು ಅಂಗಡಿಯಲ್ಲಿ ಸಿಗುತ್ತೋ ಇಲ್ವೋ ಅನ್ನುವುದು. ಅದಕ್ಕೆ ಆಮೇಲೆ ಬರೋಣ.

ಅದಕ್ಕಿಂತ ತಲೆಕೆಡಿಸುವ ಮಾತು ಇನ್ನೊಂದಿದೆ. ಇಂಥ ಕೀಟನಾಶಕ ಹರಿದು ಸೇರುವ ನೀರಿನಲ್ಲಿ ಬಸವನಹುಳು ಹೆಚ್ಚುತ್ತದೆ, ಅದರ ಬೆನ್ನಿಗೇ ಜಂತುಹುಳುವಿನ ರೋಗವೂ ಹೆಚ್ಚಬಹುದು ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಕೇಳಿದವರಿಗೆ ಇದು ತಲೆಕೆಳಗಾದ ಮಾತು ಅನಿಸುವುದು ಸಹಜ. ವಿಷ ಹಾಕಿದರೆ ಜೀವ ಸಾಯಬೇಕು ಅಲ್ವಾ? ಅದೂ ಅಲ್ಲದೆ, ನೀರಿನ ವಿಷ ಪತ್ತೆ ಮಾಡಲು ಲ್ಯಾಬುಗಳಲ್ಲಿ ಬಸವನಹುಳುವನ್ನೇ ಸಾಕುತ್ತಾರೆ ಅಂತಲೂ ಓದಿರುತ್ತೇವೆ. ಹಾಗಾದರೆ ಅದು ವಿಷಕ್ಕೆ ಸಾಯುವ ಪ್ರಾಣಿಯೋ, ವಿಷ ತಡೆದುಕೊಳ್ಳುವ ಪ್ರಾಣಿಯೋ?

ಎರಡೂ ಹೌದು. ಯಾವ ವಿಷ, ಎಷ್ಟು ವಯಸ್ಸಿನ ಹುಳು, ಅದರ ಸುತ್ತ ಇನ್ನು ಯಾರಿದ್ದಾರೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಯಾವ ಬಸವನಹುಳು?

ಮಳೆಗಾಲದಲ್ಲಿ ತೋಟದ ಸಸಿ, ಬಾಳೆ, ಪಪ್ಪಾಯಿಯನ್ನೆಲ್ಲ ತಿಂದು ಹಾಕುವ ದೊಡ್ಡ ಆಫ್ರಿಕನ್ ಶಂಖದಹುಳುವಿನ ವಿಷಯ ಇದಲ್ಲ. ಅದು ನೆಲದ್ದು. ಇಲ್ಲಿ ಮಾತಾಡುತ್ತಿರುವುದು ಕೆರೆ, ಹಳ್ಳ, ಗದ್ದೆಯ ನಿಂತ ನೀರಿನ ಬಸವನಹುಳುಗಳ ಬಗ್ಗೆ.

ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಪೈಲಾ ನೆನಪಿರುತ್ತದೆ. ದುಂಡಗೆ, ದಪ್ಪಗೆ, ಬಾಯಿಗೆ ಮುಚ್ಚಳ ಇರುವ ಹುಳು. ಆದರೆ ಈ ಕಥೆಯಲ್ಲಿ ಮುಖ್ಯವಾದವು ಅದಕ್ಕಿಂತ ಚಿಕ್ಕವು, ಮುಚ್ಚಳ ಇಲ್ಲದವು. ಒಂದು ಲಿಮ್ನಿಯಾ: ತೆಳು ಚಿಪ್ಪು, ಚೂಪು ತುದಿ. ಇನ್ನೊಂದು ಇಂಡೋಪ್ಲಾನಾರ್ಬಿಸ್: ನಾಣ್ಯದ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡ ಕಂದು ಚಿಪ್ಪು. ಎರಡನೆಯದರ ಚಿಪ್ಪು ಒಡೆದರೆ ಕೆಂಪು ರಕ್ತ ಬರುತ್ತದೆ, ಯಾಕೆಂದರೆ ಅದರ ಮೈಯಲ್ಲಿ ನಮ್ಮ ಹಾಗೇ ಹಿಮೋಗ್ಲೋಬಿನ್ ಇದೆ. ಲಿಮ್ನಿಯಾದ್ದು ತಾಮ್ರ ಆಧಾರಿತ ರಕ್ತ, ತುಸು ನೀಲಿ. ಎರಡೂ ಆಗಾಗ ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತವೆ, ಹಾಗಾಗಿ ಕೊಳೆತು ಆಮ್ಲಜನಕ ಕಡಿಮೆಯಾದ ನೀರಿನಲ್ಲೂ ಬದುಕುತ್ತವೆ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಜೊತೆ ಸಿಗದಿದ್ದರೂ ಮೊಟ್ಟೆ ಇಡಬಲ್ಲವು. ಅಂದರೆ ಕೆರೆಯಲ್ಲಿ ಒಂದೇ ಒಂದು ಉಳಿದರೂ ಸಂತಾನ ಮತ್ತೆ ಶುರು. ಈ ಮಾತು ಮುಂದೆ ಬೇಕಾಗುತ್ತದೆ.

ದನದ ಹೊಟ್ಟೆಗೂ ಗದ್ದೆ ನೀರಿಗೂ ನಡುವೆ

ಮಂಗನ ಕಾಯಿಲೆಯಿಂದಾಗಿ ರೋಗ ಹರಡುವ ಪ್ರಾಣಿ ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಉಣುಗು ಕಚ್ಚಿತು, ವೈರಸ್ ದಾಟಿತು. ಬಸವನಹುಳುವಿನದು ಹಾಗಲ್ಲ. ಅದು ಯಾರನ್ನೂ ಕಚ್ಚುವುದಿಲ್ಲ. ಜಂತು ಅದರೊಳಗೆ ಬೆಳೆದು, ರೂಪ ಬದಲಿಸಿ, ಸಂಖ್ಯೆ ಹೆಚ್ಚಿಸಿಕೊಂಡು ಹೊರಗೆ ಬರುತ್ತದೆ.

ದನದ ಲಿವರ್ ಹುಳುವನ್ನೇ ನೋಡಿ. ಎಲೆಯ ಆಕಾರದ ಈ ಹುಳು ದನದ ಪಿತ್ತನಾಳದಲ್ಲಿ ಕೂತು ಮೊಟ್ಟೆ ಇಡುತ್ತದೆ, ಮೊಟ್ಟೆ ಸಗಣಿಯ ಜೊತೆ ಹೊರಗೆ ಬೀಳುತ್ತದೆ. ಸಗಣಿ ನೀರು ಸೇರಿದರೆ ಮೊಟ್ಟೆ ಒಡೆದು ಕಣ್ಣಿಗೆ ಕಾಣದ ಮರಿ ಈಜತೊಡಗುತ್ತದೆ. ಅದಕ್ಕೆ ಇರುವುದು ಸುಮಾರು ಒಂದು ದಿನದ ಆಯಸ್ಸು. ಅಷ್ಟರೊಳಗೆ ಲಿಮ್ನಿಯಾ ಸಿಗಬೇಕು, ಸಿಗದಿದ್ದರೆ ಸತ್ತಿತು. ಸಿಕ್ಕಿದರೆ ಮಾತ್ರ ಹುಳುವಿನ ಮೈ ಕೊರೆದು ಒಳಗೆ ಹೋಗಿ, ಕೆಲವು ವಾರಗಳಲ್ಲಿ ಒಂದು ನೂರಾರಾಗಿ ಹೊರಬರುತ್ತದೆ. ಬಂದವು ಗದ್ದೆ ಅಂಚಿನ ಹುಲ್ಲಿಗೆ, ಭತ್ತದ ಬುಡಕ್ಕೆ ಅಂಟಿಕೊಂಡು ಗಟ್ಟಿ ಕೋಶವಾಗಿ ಕೂರುತ್ತವೆ. ದನ ಆ ಹುಲ್ಲು ಮೇಯುತ್ತದೆ. ಆಮೇಲೆ ಹಾಲು ಇಳಿಯುವುದು, ದನ ಬಡಕಲಾಗುವುದು, ಗದ್ದದ ಕೆಳಗೆ ನೀರು ತುಂಬಿ ಜೋತುಬೀಳುವುದು.

ಇಂಡೋಪ್ಲಾನಾರ್ಬಿಸ್ ಸಾಕುವುದು ಬೇರೆ ಜಂತುಗಳನ್ನು. ಅದರಲ್ಲೊಂದು ದನದ ಮೂಗಿನ ರಕ್ತನಾಳದಲ್ಲಿ ಬೀಡುಬಿಡುತ್ತದೆ. ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆದು ದನ ಉಸಿರಾಡುವಾಗ ಗೊರಕೆ ಸದ್ದು ಬರುತ್ತದೆ, ಅದಕ್ಕೇ ಗೊರಕೆ ರೋಗ ಅನ್ನುವುದು. ಈ ಜಂತುವಿಗೆ 1933ರಲ್ಲಿ ಹೆಸರಿಟ್ಟ ರಾವ್ ಭಾರತದವರೇ. ಅಂಥ ದನ ಕೆರೆಗೆ ಬಾಯಿ ಹಾಕಿದಾಗ ಸಿಂಬಳದ ಜೊತೆ ಮೊಟ್ಟೆಗಳು ಸೀದಾ ನೀರಿಗೆ. ಬಸವನಹುಳುವಿನಿಂದ ಹೊರಬಂದ ಮರಿಗಳು ಹುಲ್ಲಿಗೆ ಕಾಯುವುದಿಲ್ಲ, ಚರ್ಮ ತೂರಿಯೇ ಒಳಹೋಗುತ್ತವೆ. ನಾಟಿ ಮಾಡುವವರ ಕಾಲಿಗೂ ಹತ್ತುತ್ತವೆ. ಮನುಷ್ಯರ ಮೈಯಲ್ಲಿ ಅವು ಬೆಳೆಯುವುದಿಲ್ಲ, ಚರ್ಮದಲ್ಲೇ ಸಾಯುತ್ತವೆ, ಆದರೆ ಸಾಯುವ ಮುಂಚೆ ಸಿಕ್ಕಾಪಟ್ಟೆ ತುರಿಸಿ ಗುಳ್ಳೆ ಎಬ್ಬಿಸುತ್ತವೆ. ಬೆರಳ ಸಂದಿಯ ಕೆಸರುಹುಣ್ಣು ಬೇರೆ, ಇದು ಬೇರೆ.

ಬಸವನಹುಳುವಿನಲ್ಲೇ ಬೆಳೆಯುವ ಇಂಥದೇ ಜಂತುವಿನಿಂದ ಮನುಷ್ಯರಿಗೇ ಬರುವ ಬಿಲ್ಹಾರ್ಜಿಯಾ ಭಾರತದಲ್ಲಿ ಹರಡಿಕೊಂಡ ರೋಗವಲ್ಲ. 1952ರಲ್ಲಿ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಅಂಥ ಪ್ರಕರಣಗಳು ವರದಿಯಾಗಿದ್ದವು. ಆದ್ದರಿಂದ ಆಫ್ರಿಕಾದ ಸುದ್ದಿ ಓದಿ ತುಂಗೆಯಲ್ಲಿ ಸ್ನಾನ ಬಿಡಬೇಕಾಗಿಲ್ಲ.

ಲ್ಯಾಬಿನಲ್ಲಿ ಇದನ್ನು ಸಾಕುವುದೇಕೆ?

ಮೊದಲ ಕಾರಣ ಜಂತು ಸಂಶೋಧನೆ. ಬಿಲ್ಹಾರ್ಜಿಯಾಕ್ಕೆ ಚಿಕಿತ್ಸೆ ಬೇಕಾದವರು ಜಗತ್ತಿನಲ್ಲಿ ಸುಮಾರು 25 ಕೋಟಿ ಜನ, ಹೆಚ್ಚಿನವರು ಆಫ್ರಿಕಾದಲ್ಲಿ. ಈ ಜಂತುವನ್ನು ಓದಬೇಕೆಂದರೆ ಜಂತು ಬೇಕು, ಜಂತು ಬೇಕೆಂದರೆ ಬಸವನಹುಳು ಬೇಕು. ಅದಕ್ಕೇ ಬಯೋಂಫಲೇರಿಯಾ ಎಂಬ ದಕ್ಷಿಣ ಅಮೆರಿಕದ ಹುಳುವನ್ನು ತೊಟ್ಟಿಗಳಲ್ಲಿ ಲೆಟ್ಯೂಸ್ ಸೊಪ್ಪು ಹಾಕಿ ಸಾಕುತ್ತಾರೆ. ಸೋಂಕು ತಗುಲಿದ ಹುಳುವನ್ನು ಚಿಕ್ಕ ಬೀಕರಿನ ನೀರಿಗೆ ಬಿಟ್ಟು ಮೇಲಿಂದ ಬಲ್ಬಿನ ಬೆಳಕು ಹಾಯಿಸಿದರೆ ಒಂದೆರಡು ತಾಸಿನಲ್ಲಿ ಕವಲು ಬಾಲದ ಮರಿಗಳು ನೀರು ತುಂಬಾ ಓಡಾಡುತ್ತವೆ. ಹಗಲಲ್ಲಿ ಜನ ನೀರಿಗಿಳಿಯುವ ಹೊತ್ತಿಗೇ ಇವು ಹೊರಬರುವುದು, ಹಾಗಾಗಿ ಬೆಳಕೇ ಅವಕ್ಕೆ ಕರೆಗಂಟೆ.

ಈ ಬಸವನಹುಳುವಿನ ಪೂರ್ತಿ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಕೆಲವು ತಳಿಯ ಬಸವನಹುಳುಗಳಲ್ಲಿ ಜಂತು ಬೆಳೆಯುವುದೇ ಇಲ್ಲ, ಒಳಹೊಕ್ಕ ಮರಿಯನ್ನು ಅವುಗಳ ರಕ್ತಕಣಗಳು ಸುತ್ತುವರಿದು ಮುಗಿಸಿಬಿಡುತ್ತವೆ. ಯಾವ ಜೀನ್‌ನಿಂದ ಹೀಗೆ ಎಂದು ಗೊತ್ತಾದರೆ ಹುಳು ಕೊಲ್ಲದೆಯೇ ರೋಗ ತಡೆಯಬಹುದು ಎಂಬ ಆಸೆ ಇದೆ.

ಎರಡನೇ ಕಾರಣ ವಿಷ ಪರೀಕ್ಷೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಸತ್ತಿದೆಯೋ, ಸುಮ್ನೆ ಬಾಗಿಲು ಹಾಕಿಕೊಂಡಿದೆಯೋ

ಹೊಸ ರಾಸಾಯನಿಕವೊಂದು ನೀರಿಗೆ ಎಷ್ಟು ಅಪಾಯ ಅಂತ ನೋಡಲು ಜಗತ್ತಿನಾದ್ಯಂತ ವಾಡಿಕೆಯಲ್ಲಿರುವುದು ಮೂರು ಜೀವಿಗಳು: ಪಾಚಿ, ಡ್ಯಾಫ್ನಿಯಾ ಎಂಬ ಚಿಕ್ಕ ನೀರುಚಿಗಟ, ಮತ್ತು ಮೀನು. ಇಷ್ಟು ಪ್ರಮಾಣ ಹಾಕಿದರೆ ಇಷ್ಟು ಗಂಟೆಯಲ್ಲಿ ಅರ್ಧದಷ್ಟು ಸಾಯುತ್ತವೆ ಅನ್ನುವ ಲೆಕ್ಕಕ್ಕೆ ಎಲ್‌ಸಿ50 ಎನ್ನುತ್ತಾರೆ. ಮೀನಿನಲ್ಲಿ ಇದನ್ನು ಸಾಮಾನ್ಯವಾಗಿ 96 ಗಂಟೆಗೆ ನೋಡುತ್ತಾರೆ.

ಬಸವನಹುಳು ಈ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ನೀರಿಗೆ ವಿಷ ಬಿದ್ದ ಕೂಡಲೇ ಗಾಜಿನ ಗೋಡೆ ಹತ್ತಿ ನೀರಿನ ಮೇಲೆ ಬಂದು ಕೂರುತ್ತದೆ, ಪಾತ್ರೆಗೆ ಮುಚ್ಚಳ ಇಲ್ಲದಿದ್ದರೆ ಅದರಿಂದಲೇ ಆಚೆ. ಇಲ್ಲವೇ ಚಿಪ್ಪಿನೊಳಗೆ ಸರಿದು ಅಲುಗಾಡದೆ ಇರುತ್ತದೆ. ಸತ್ತಿದೆಯಾ ಅಂತ ತಿಳಿಯಲು ಸೂಜಿಯಿಂದ ಮುಟ್ಟಿ ನೋಡಬೇಕು, ಶುದ್ಧ ನೀರಿಗೆ ಹಾಕಿ ಕಾಯಬೇಕು. ಹೀಗಾಗಿ ದೊಡ್ಡ ಹುಳುಗಳ ಮೇಲೆ ನಾಲ್ಕು ದಿನದ ಪರೀಕ್ಷೆ ಮಾಡಿದರೆ ಬಹಳ ಸಲ ಅವು ಗಟ್ಟಿ ಪಿಂಡ ಅನ್ನುವಂಥ ಫಲಿತಾಂಶವೇ ಬರುತ್ತದೆ.

ಮರಿಗಳದ್ದು ಬೇರೆ ಕಥೆ. ಲಿಮ್ನಿಯಾ ಜಾತಿಯ ಎಳೆಯ ಮರಿಗಳು ಸೀಸ, ತಾಮ್ರ, ನಿಕ್ಕಲ್‌ಗೆ ಎಷ್ಟು ಬೇಗ ಸೋಲುತ್ತವೆ ಅಂದರೆ ಸಿಹಿನೀರಿನ ಜೀವಿಗಳಲ್ಲೇ ಅತಿ ಸೂಕ್ಷ್ಮವಾದವುಗಳ ಸಾಲಿನಲ್ಲಿ ಅವುಗಳನ್ನು ಇಡುತ್ತಾರೆ. ಮರಿ ವೇಗವಾಗಿ ಬೆಳೆಯುತ್ತದೆ, ಚಿಪ್ಪು ಕಟ್ಟಲು ನೀರಿನಿಂದ ಒಂದೇ ಸಮ ಸುಣ್ಣದ ಅಂಶ ಎಳೆದುಕೊಳ್ಳುತ್ತದೆ, ಸೀಸದಂಥ ಲೋಹ ಆ ಕೆಲಸಕ್ಕೇ ಅಡ್ಡ ಬರುತ್ತದೆ. ಚಿಪ್ಪು ಬೆಳೆಯದೆ ಮರಿ ಕುಗ್ಗುತ್ತದೆ.

ಹಾರ್ಮೋನು ಕೆಡಿಸುವ ರಾಸಾಯನಿಕಗಳ ವಿಷಯದಲ್ಲೂ ಹೀಗೇ. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟಿಬಿಟಿ ಬಣ್ಣದಿಂದ ಸಮುದ್ರದ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಬೆಳೆಯತೊಡಗಿದ್ದು 1970ರ ದಶಕದ ಶುರುವಿನಲ್ಲಿ ಕಣ್ಣಿಗೆ ಬಿತ್ತು, ಆ ಬಣ್ಣಕ್ಕೆ ಜಾಗತಿಕ ನಿಷೇಧ ಜಾರಿಗೆ ಬರಲು 2008 ಆಯಿತು. ಇಂಥ ಪಾಠಗಳಿಂದ 2016ರಲ್ಲಿ ಮುಂದುವರಿದ ದೇಶಗಳ ಒಕ್ಕೂಟವಾದ ಒಇಸಿಡಿ ಎರಡು ಬಸವನಹುಳು ಪರೀಕ್ಷೆಗಳಿಗೆ ಅಂತರರಾಷ್ಟ್ರೀಯ ಕ್ರಮ ಗೊತ್ತುಮಾಡಿತು. ಎರಡರಲ್ಲೂ 28 ದಿನ ಹುಳುಗಳನ್ನು ರಾಸಾಯನಿಕದ ನೀರಿನಲ್ಲಿಟ್ಟು ಸಂತಾನ ಎಷ್ಟು ಅಂತ ಎಣಿಸುತ್ತಾರೆ. ಸಾವು ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಕೀಟನಾಶಕಕ್ಕೆ ಪರವಾನಗಿ ಕೊಡುವಾಗ ಎಲ್ಲ ಕಡೆ ಕಡ್ಡಾಯವಾಗಿ ಕೇಳುವ ಪರೀಕ್ಷೆ ಇದಲ್ಲ.

ಬೀಕರಿನಲ್ಲಿ ಕಾಣದ್ದು, ಕೆರೆಯಲ್ಲಿ ಕಾಣುವುದು

ಈಗ ಶುರುವಿನ ಪ್ರಶ್ನೆಗೆ ಬರೋಣ. ಬೀಕರಿನಲ್ಲಿ ಬಸವನಹುಳು ಒಂದೇ ಇರುತ್ತದೆ. ಕೆರೆಯಲ್ಲಿ ಅದನ್ನು ತಿನ್ನುವವರು ಇದ್ದಾರೆ, ಅದು ತಿನ್ನುವ ಪಾಚಿ ಇದೆ, ಅದೇ ಪಾಚಿಗೆ ಪೈಪೋಟಿ ಮಾಡುವವರೂ ಇದ್ದಾರೆ.

ಕ್ಲೋರ್‌ಪೈರಿಫಾಸ್ ಕೆಲಸ ಮಾಡುವುದು ನರಗಳ ಮೇಲೆ. ಕೀಟಗಳು ಮತ್ತು ಅವುಗಳ ಹತ್ತಿರದ ಸಂಬಂಧಿಗಳಾದ ಸೀಗಡಿ, ಏಡಿಯಂಥವು ಇದಕ್ಕೆ ತೀರಾ ಸೂಕ್ಷ್ಮ, ಬಸವನಹುಳು ಅಷ್ಟಿಲ್ಲ. ಅಮೆರಿಕದ ಸಂಶೋಧಕರು ದೊಡ್ಡ ತೊಟ್ಟಿಗಳಲ್ಲಿ ಕೆರೆಯನ್ನೇ ಚಿಕ್ಕದಾಗಿ ಕಟ್ಟಿ, ಬಸವನಹುಳು, ಅದನ್ನು ತಿನ್ನುವ ಸೀಗಡಿಯಂಥ ಕ್ರೇಫಿಶ್, ನೀರಿನ ದೊಡ್ಡ ತಿಗಣೆ ಎಲ್ಲ ಬಿಟ್ಟು, ಬೇರೆ ಬೇರೆ ಕೃಷಿ ರಾಸಾಯನಿಕ ಹಾಕಿ ನೋಡಿದರು. 2018ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಕ್ಲೋರ್‌ಪೈರಿಫಾಸ್ ತಿನ್ನುವವರನ್ನು ಕೊಂದಿತು, ಬಸವನಹುಳು ಉಳಿದು ಹೆಚ್ಚಿತು. ಅಟ್ರಜಿನ್ ಎಂಬ ಕಳೆನಾಶಕ ನೀರಿನಲ್ಲಿ ತೇಲುವ ಪಾಚಿಯನ್ನು ಕೊಂದಿತು, ನೀರು ತಿಳಿಯಾಗಿ ತಳಕ್ಕೆ ಬಿಸಿಲು ಬಿತ್ತು, ತಳಕ್ಕೆ ಅಂಟಿ ಬೆಳೆಯುವ ಪಾಚಿ ಸೊಂಪಾಗಿ ಎದ್ದಿತು. ಬಸವನಹುಳುವಿಗೆ ಬೇಕಾದ್ದು ಅದೇ. ಗೊಬ್ಬರ ಹಾಕಿದಾಗಲೂ ಪಾಚಿ ಹೆಚ್ಚಿ ಹೊಟ್ಟೆ ತುಂಬಾ ಊಟ.

ತೊಟ್ಟಿಯಾಚೆಗೂ ಇದು ಕಂಡಿದೆ. ಪಶ್ಚಿಮ ಕೀನ್ಯಾದ ಹಳ್ಳ ಕೆರೆಗಳಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗ ಹರಡುವ ಬಸವನಹುಳುಗಳು ಕೀಟನಾಶಕ ತಡೆದುಕೊಂಡಿದ್ದವು, ಅವುಗಳ ಜೊತೆ ಪೈಪೋಟಿ ಮಾಡುವ ಜೀವಿಗಳೇ ಹಿಂದೆ ಸರಿದಿದ್ದವು. ಸೆನೆಗಲ್ ನದಿಯಲ್ಲಿ ವಿಷವೂ ಬೇಕಾಗಲಿಲ್ಲ. 1986ರಲ್ಲಿ ಡಿಯಾಮಾ ಅಣೆಕಟ್ಟು ಮುಗಿದು ಸೀಗಡಿಗಳು ಸಮುದ್ರದ ಕಡೆಯಿಂದ ಮೇಲೆ ಬರುವ ದಾರಿ ಮುಚ್ಚಿತು, ಸಿಹಿನೀರು ನಿಂತು ಬಸವನಹುಳುವಿಗೆ ಹೇಳಿ ಮಾಡಿಸಿದ ಜಾಗವಾಯಿತು, ಕೆಲವೇ ವರ್ಷಗಳಲ್ಲಿ ಆ ಭಾಗದಲ್ಲಿ ಬಿಲ್ಹಾರ್ಜಿಯಾ ಸ್ಫೋಟಿಸಿತು. ಆಮೇಲೆ ಹಳ್ಳಿಯೊಂದರಲ್ಲಿ ಸೀಗಡಿಗಳನ್ನು ಮತ್ತೆ ಬಿಟ್ಟು ನೋಡಿದಾಗ ಸೋಂಕಿನ ಬಸವನಹುಳು ಕಡಿಮೆಯಾಯಿತು.

ಮಲೆನಾಡಿನ ಗದ್ದೆಯಲ್ಲಿ ಬಸವನಹುಳು ತಿನ್ನುವವರು ಯಾರು? ಏಡಿ, ನೀರಿನ ತಿಗಣೆ, ಕೆಲವು ಮೀನು, ಬಾತು, ಕೊಕ್ಕರೆ. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನು ಮೊದಲಿನಷ್ಟಿಲ್ಲ, ಏಡಿ ಹಿಡಿಯಲು ಹೋದರೆ ಸಿಗುವುದಿಲ್ಲ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ನಾಲಿಗೆ ಚಪಲದ ಗೊಣಗಾಟ ಅಂತ ಇದನ್ನು ತಳ್ಳಿಹಾಕುವವರು ಗೊರಕೆ ರೋಗವನ್ನೂ ಲಿವರ್ ಹುಳುವನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಮೈಲುತುತ್ತದ ಪ್ರಶ್ನೆ

ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ಏಳುತ್ತದೆ. ನಾವು ಹೊಡೆಯುವುದು ಕೀಟನಾಶಕಕ್ಕಿಂತ ಜಾಸ್ತಿ ಬೋರ್ಡೋ ಅಲ್ವಾ, ಅದರಲ್ಲಿರುವ ಮೈಲುತುತ್ತ ತಾಮ್ರದ್ದೇ, ತಾಮ್ರಕ್ಕೆ ಬಸವನಹುಳು ಸಾಯುತ್ತಲ್ಲ?

ಸಾಯುತ್ತದೆ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಳಕೆಗೆ ತಂದರು, ಇವತ್ತಿಗೂ ಲೆಕ್ಕ ಅದೇ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಅದೇ ಮೈಲುತುತ್ತವನ್ನು ಬಿಲ್ಹಾರ್ಜಿಯಾ ತಡೆಯಲು ಈಜಿಪ್ಟಿನ ಕಾಲುವೆಗಳಿಗೆ ಹಿಂದೆ ಸುರಿಯುತ್ತಿದ್ದರು, ಬಸವನಹುಳು ಕೊಲ್ಲಲೆಂದೇ.

ಹಾಗಂತ ಕೆರೆಗೆ ಮೈಲುತುತ್ತ ಹಾಕಿದರೆ ಆಯ್ತು ಅನ್ನುವುದು ತಪ್ಪು ಲೆಕ್ಕ. ನೀರಿಗೆ ಬಿದ್ದ ತಾಮ್ರ ಬೇಗ ಕೆಸರಿಗೆ ಅಂಟಿಕೊಳ್ಳುತ್ತದೆ, ಕೊಲ್ಲುವ ಶಕ್ತಿ ಕೆಲ ದಿನದ್ದು. ಅಷ್ಟರಲ್ಲಿ ಮೀನುಮರಿ, ಕಪ್ಪೆಮರಿ ಎಲ್ಲಕ್ಕೂ ಪೆಟ್ಟು. ಬಸವನಹುಳುವಿಗೆ ಒಂದು ಉಳಿದರೂ ಸಾಕು, ಮೀನಿಗೆ ಹಾಗಲ್ಲ. ಹಾಗಾಗಿ ಖಾಲಿಯಾದ ಕೆರೆಗೆ ಮೊದಲು ವಾಪಸಾಗುವುದು ಬಸವನಹುಳುವೇ. ಇನ್ನು ತಾಮ್ರ ಕೊಳೆಯುವ ವಸ್ತುವಲ್ಲ, ಹಾಕಿದ್ದೆಲ್ಲ ಮಣ್ಣಲ್ಲೋ ಹಳ್ಳದ ಹೂಳಲ್ಲೋ ಕೂತಿರುತ್ತದೆ. ಗಡಸು ನೀರಿನಲ್ಲಿ ಅದರ ವಿಷ ತಗ್ಗುತ್ತದೆ, ಮಲೆನಾಡಿನದು ಮೆದು ನೀರು. ಔಷಧಿ ಹೊಡೆದ ಡ್ರಮ್ಮು, ಪೈಪು ತೊಳೆದ ನೀರನ್ನು ಬಸಿಗಾಲುವೆಗೆ ಬಿಡುವುದು ಇದೇ ಕಾರಣಕ್ಕೆ ಕೆಟ್ಟದ್ದು.

ಯಾರ ವಾದ ಏನು?

ಕೀಟನಾಶಕದ ಕಡೆಯವರು ಹೇಳುವುದು: ಲೇಬಲ್‌ನಲ್ಲಿ ಬರೆದ ಪ್ರಮಾಣದಲ್ಲಿ ಬಳಸಿದರೆ ನೀರಿಗೆ ಸೇರುವುದು ಅತ್ಯಲ್ಪ, ತೊಟ್ಟಿ ಪ್ರಯೋಗವನ್ನು ಹೊಲಕ್ಕೆ ಹೋಲಿಸಬೇಡಿ. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯಲ್ಲಿ, ಇಳಿಜಾರಿನ ತೋಟದ ಕೆಳಗೇ ಗದ್ದೆ, ಗದ್ದೆಯ ಕೆಳಗೇ ಹಳ್ಳ ಇರುವ ಕಡೆ ಈ ವಾದ ಎಷ್ಟು ನಿಲ್ಲುತ್ತದೆ ಎಂದು ಕೇಳಬೇಕಾಗುತ್ತದೆ. ಬೆಳೆಗಾರರ ತಕರಾರು ಬೇರೆ: ಬೇರುಹುಳುವಿಗೆ ಇಷ್ಟು ಅಗ್ಗದ ಮದ್ದು ಇನ್ನೊಂದು ಯಾವುದು ಹೇಳಿ, ಆಮೇಲೆ ನಿಲ್ಲಿಸಿ. ಇದು ನ್ಯಾಯವಾದ ಮಾತು.

ಪ್ರಾಣಿದಯೆಯ ಕಡೆಯಿಂದ ಬರುವ ಪ್ರಶ್ನೆ ಇನ್ನೊಂದು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೆಲವು ಔಷಧಗಳಿಗೆ ಪ್ರಾಣಿ ಪ್ರಯೋಗ ಕಡಿಮೆ ಮಾಡುವುದಾಗಿ ಹೇಳಿತು, ನಮ್ಮಲ್ಲಿ ಯುಜಿಸಿ 2014ರಲ್ಲೇ ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಲು ಹೇಳಿತ್ತು. ಹಾಗಿರುವಾಗ ಬಸವನಹುಳುವಿನ ಮೇಲೆ ಪರೀಕ್ಷೆ ಹೆಚ್ಚಿಸಿ ಅನ್ನುವುದು ಸರಿಯೇ? ಯುರೋಪಿನ 2010ರ ಕಾನೂನು ಬೆನ್ನುಮೂಳೆ ಇರುವವನ್ನೂ ಆಕ್ಟೋಪಸ್ ವರ್ಗವನ್ನೂ ಮಾತ್ರ ಕಾಪಾಡುತ್ತದೆ, ಬಸವನಹುಳು ಅದರಾಚೆ. ಭಾರತದ 1960ರ ಕಾಯ್ದೆಯಲ್ಲಿ ಮನುಷ್ಯನ ಹೊರತು ಎಲ್ಲ ಜೀವಿಯೂ ಪ್ರಾಣಿಯೇ. ವಾಸ್ತವದಲ್ಲಿ ಆಗುತ್ತಿರುವುದು ಏನೆಂದರೆ ಮೀನು, ಇಲಿಗಳ ಸಂಖ್ಯೆ ತಗ್ಗಿಸುವ ಒತ್ತಡ ಬಂದಷ್ಟೂ ಬಸವನಹುಳುವಿನಂಥವು ಬದಲಿ ಆಳುಗಳಾಗುತ್ತಿವೆ. ಅದು ಅವುಗಳ ಪುಣ್ಯವೋ ಪಾಪವೋ ಎಂಬ ಚರ್ಚೆ ನಡೆಯಲಿ, ಆದರೆ ಒಂದು ತೊಟ್ಟಿ ಪ್ರಯೋಗದಿಂದ ತಿಳಿಯುವುದನ್ನು ಕಂಪ್ಯೂಟರ್ ಲೆಕ್ಕ ಇನ್ನೂ ಪೂರ್ತಿ ಹೇಳಲಾರದು.

ಜಂತು ತಜ್ಞರಲ್ಲೇ ಎರಡು ಗುಂಪು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಬಸವನಹುಳು ನಾಶಕಗಳ ಬಳಕೆಗೆ ಕೈಪಿಡಿ ಹೊರತಂದಿತು, ಅದರಲ್ಲಿ ಮುಖ್ಯವಾದ ನಿಕ್ಲೋಸಮೈಡ್ ಮೀನಿಗೂ ಮಾರಕ. ಗೋರಖ್‌ಪುರದ ಸಂಶೋಧಕರು ದಶಕಗಳಿಂದ ಬೇವು, ಬೆಳ್ಳುಳ್ಳಿಯಂಥ ಗಿಡಮೂಲಿಕೆಗಳಿಂದ ಲಿಮ್ನಿಯಾ ಕೊಲ್ಲುವ ದಾರಿ ಹುಡುಕಿದ್ದಾರೆ. ಇನ್ನೊಂದು ಗುಂಪು ಹುಳುವಿನ ತಂಟೆಗೇ ಹೋಗಬೇಡಿ, ತಿನ್ನುವವರನ್ನು ಉಳಿಸಿ, ಸಗಣಿ ನೀರಿಗೆ ಸೇರದಂತೆ ನೋಡಿ ಅನ್ನುತ್ತದೆ. ಮಲೆನಾಡಿಗೆ ಎರಡನೆಯದೇ ಹೊಂದುವುದು: ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತ ಮೇಲೆ ಗದ್ದೆಗೆ ಹಾಕುವುದು, ದನಕ್ಕೆ ಕೆರೆ ಬದಲು ತೊಟ್ಟಿಯಲ್ಲಿ ನೀರು, ಪಶುವೈದ್ಯರು ಹೇಳಿದ ಹೊತ್ತಿಗೆ ಜಂತಿನ ಮದ್ದು.

ಅಂಗಡಿಯಲ್ಲಿ ಸಿಗುತ್ತೋ ಇಲ್ವೋ

ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು ಅಂದರೆ ನಾಳೆಯೇ ಬಾಟಲಿ ಮಾಯ ಅಂತ ಅಲ್ಲ. ಸಭೆಯಲ್ಲೇ ಕೆಲವು ಬಳಕೆಗಳಿಗೆ ಕಾಲಮಿತಿಯ ವಿನಾಯಿತಿ ಕೊಟ್ಟಿದ್ದಾರೆ. ಅದಲ್ಲದೆ ಒಪ್ಪಂದಕ್ಕೆ ಸೇರಿಸುವ ಪ್ರತಿ ಹೊಸ ರಾಸಾಯನಿಕವನ್ನೂ ಭಾರತ ಬೇರೆಯಾಗಿ ಒಪ್ಪಿಕೊಂಡರೆ ಮಾತ್ರ ಅದು ನಮಗೆ ಅನ್ವಯ. 2020ರಲ್ಲಿ ಹೀಗೇ ಏಳು ರಾಸಾಯನಿಕಗಳಿಗೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತ್ತು. ಅಲ್ಲಿಯವರೆಗೆ 1968ರ ಕೀಟನಾಶಕ ಕಾಯ್ದೆಯಡಿ ಕೇಂದ್ರದ ನೋಂದಣಿ ಸಮಿತಿ ಏನು ಹೇಳುತ್ತದೋ ಅದೇ ನಿಯಮ.

ಹೆಚ್ಚು ಗಮನಿಸಬೇಕಾದ್ದು ಇದರ ಜಾಗಕ್ಕೆ ಏನು ಬರುತ್ತದೆ ಎನ್ನುವುದನ್ನು. ಬೇರುಹುಳುವಿಗೆ, ಗೆದ್ದಲಿಗೆ ಈಗಾಗಲೇ ಬಳಕೆಯಲ್ಲಿರುವ ಒಂದು ಬದಲಿ ಇಮಿಡಾಕ್ಲೋಪ್ರಿಡ್. ಇದನ್ನು ಡ್ಯಾಫ್ನಿಯಾದ ಮೇಲೆ ಪರೀಕ್ಷಿಸಿದರೆ ಸಾಯಿಸಲು ಲೀಟರಿಗೆ ಹತ್ತಾರು ಮಿಲಿಗ್ರಾಂ ಬೇಕಾಗುತ್ತದೆ, ಹಾಗಾಗಿ ವರದಿಯಲ್ಲಿ ನೀರಿಗೆ ಅಷ್ಟೇನೂ ಅಪಾಯವಿಲ್ಲ ಅನ್ನುವಂತೆ ಕಾಣುತ್ತದೆ. ಆದರೆ ಮೇಫ್ಲೈಯಂಥ ನೀರಿನ ಕೀಟಗಳ ಮರಿಗಳು ಅದರ ಸಾವಿರದಲ್ಲೊಂದು ಪಾಲಿಗೂ ಕಡಿಮೆಗೆ ಸೋಲುತ್ತವೆ. ಯುರೋಪ್ ಒಕ್ಕೂಟ ಮುಖ್ಯವಾಗಿ ಜೇನಿನ ಕಾರಣಕ್ಕೆ 2018ರಲ್ಲಿ ಇದರ ಬಯಲು ಬಳಕೆ ನಿಲ್ಲಿಸಿತು. ಬಸವನಹುಳುವಿಗೆ ಇದರಿಂದ ಆಗುವ ತೊಂದರೆ ನೀರಿನ ಕೀಟಗಳಿಗೆ ಹೋಲಿಸಿದರೆ ಕಡಿಮೆ. ತಿನ್ನುವವರನ್ನೂ ತಿನ್ನಿಸಿಕೊಳ್ಳುವ ಹುಳುವನ್ನೂ ಒಂದೇ ತೊಟ್ಟಿಯಲ್ಲಿಟ್ಟು ನೋಡುವ ಪರೀಕ್ಷೆಯನ್ನು ನೋಂದಣಿಗೆ ಮುಂಚೆ ಕೇಳದಿದ್ದರೆ ಬಾಟಲಿಯ ಮೇಲಿನ ಹೆಸರು ಬದಲಾಗುತ್ತದೆ, ಗದ್ದೆ ನೀರಿನಲ್ಲಿ ನಡೆಯುವುದು ಮಾತ್ರ ಅದೇ.